ಜಯಕ್ಕನ ಸೊಪ್ಪಿಗೆ ಪರೀಕ್ಷೆ ಇಟ್ಟೆ

ಸ್ನೇಹಿತರೇ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಒಂದು ಹಳೇ ಕತೆ ಇವತ್ತು ಆಟ ಆಡಿಸಿಬಿಟ್ಟಿತು. ಚನ್ನಪಟ್ಟಣದ ಲೈಬ್ರರಿ ಪುಸ್ತಕ. ಅದರಲ್ಲಿ ಊರಿಗೆಲ್ಲ ಬೇಕಾದ ನಗುಮುಖದ ಹೆಂಗಸೇ ಒಳಗೊಳಗೆ ಕೇಡು ಮಾಡುತ್ತಾಳೆ. ಓದಿ ಮುಗಿಸುವಷ್ಟರಲ್ಲಿ ಪಕ್ಕದ ತೋಟದ ಜಯಕ್ಕ, ನಮ್ಮ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಸಾಲದೆಂದು ನಗುತ್ತಾ ಒಂದು ಹೊರೆ ತಂದಿಳಿಸಿದರು. ಔಷಧಿ ಹೊಡೆದ ಸೊಪ್ಪಾಗಿದ್ದರೆ ಹುಳುವೆಲ್ಲ ಸತ್ತಂತೆಯೇ! ಹೆದರಿ, ಹತ್ತು ಹುಳು ಬೇರೆ ಮಾಡಿ ಅವಕ್ಕಷ್ಟೇ ತಿನ್ನಿಸಿ ನೋಡುತ್ತಾ ಕೂತೆ.

ಜಯಕ್ಕ ಇದನ್ನು ನೋಡಿಬಿಟ್ಟರು. "ಏನಮ್ಮಿ, ನನ್ ಸೊಪ್ಗೇ ಪರೀಕ್ಷೆನಾ? ಮಿಕ್ಕಿದ್ ಹುಳ ಹಸ್ಕಂಡೇ ಸಾಯ್ತವೆ, ಹಾಕು!"

ನಾಚಿಕೆಯಿಂದ ಎಲ್ಲಕ್ಕೂ ಸೊಪ್ಪು ಹಾಕಿ, ಕತೆ ಹೇಳಿದೆ.

"ಬರೆದೋರು ಬಲೇ ಜಾಣ್ರು. ಆ ಪುಸ್ತಕ ನಂಗೂ ಕೊಡಮ್ಮಿ, ನಿನ್ ಪಕ್ಕ ಬದುಕೋಳು ಒಸಿ ಓದ್ಕಂಡಿರ್ಬೇಕು."

ಕತೆ ಅಂದರೆ ಹೀಗಿರಬೇಕು. ಕೇಡು ಯಾರ ಮನಸ್ಸಿನಲ್ಲಿದೆ ಎಂದು ಸರಿಯಾಗೇ ತೋರಿಸಿತು.