ಗೇಟು ತೆಗಿ

ನನ್ನ ಗಂಡ ಇಪ್ಪತ್ತೆರಡು ವರ್ಷ ಈ ಬೆಟ್ಟದ ರಾಷ್ಟ್ರೀಯ ಉದ್ಯಾನಕ್ಕೆ ಪ್ರವಾಸಿಗರನ್ನು ಜೀಪಿನಲ್ಲಿ ಕರೆದೊಯ್ದರು. ರಸ್ತೆ ಮುಗಿಯುವಲ್ಲಿ ಇಳಿಸಿ, ಅವರು ತುದಿ ಹತ್ತಿ ಬರುವವರೆಗೆ ತಾವು ಸೀಟಿನಲ್ಲೇ ಗೊರಕೆ ಹೊಡೆಯುತ್ತಿದ್ದರು. "ಹತ್ತೋಕೆ ನಂಗೇನು ತಲೆ ಕೆಟ್ಟಿದೆಯೇನೇ?" ಎನ್ನುತ್ತಿದ್ದರು. ತುದಿ ನೋಡದೆಯೇ ಹೋದರು.

ಅವರು ತೀರಿಕೊಂಡ ಎರಡನೇ ತಿಂಗಳು ಆ ಜೀಪನ್ನು ನಾನೇ ಓಡಿಸಿಕೊಂಡು ಬಂದೆ. ಕಲಿಸಿದವರೂ ಅವರೇ. ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ.

"ಡ್ರೈವರ್ ಎಲ್ಲಿ ಅತ್ತಿಗೆ?"

"ಇಲ್ಲಿ ಕೂತಿರೋದು ಬೊಂಬೆನಾ?"

"ಅಣ್ಣ ಹೋಗಿ ಎರಡು ತಿಂಗಳಾಗಿಲ್ಲ, ಜನ ಏನಂತಾರೆ? ಜೀಪ್ ಮಾರಿ ಮನೇಲಿರಿ."

"ಅನ್ನೋರು ಬಂದು ನನ್ನ ಒಲೆ ಹಚ್ತಾರೇನೋ? ಲೈಸೆನ್ಸ್ ನೋಡು, ಗೇಟು ತೆಗಿ."

ಅವನು ಪುಸ್ತಕದಲ್ಲಿ ಚಾಲಕನ ಹೆಸರು ಬರೆದ. ರೂಢಿಬಿದ್ದ ಕೈ ನನ್ನ ಗಂಡನ ಹೆಸರನ್ನೇ ಬರೆದಿತ್ತು. ಹೊಡೆದುಹಾಕಲು ಹೋದವನನ್ನು ತಡೆದೆ.

"ಅದು ಹಾಗೇ ಇರ್ಲಿ. ಕೆಳಗೆ ನಂದು ಬರಿ."

ತಿರುವುಗಳನ್ನೆಲ್ಲ ಎರಡನೇ ಗೇರಿನಲ್ಲಿ ಹತ್ತಿಸಿದೆ. ರಸ್ತೆ ಮುಗಿದಲ್ಲಿ ಜೀಪಿಗೆ ಬೀಗ ಹಾಕಿ ಮೂರು ಗಂಟೆ ನಡೆದೆ. ತುದಿಯಲ್ಲಿ ಕೂತು ಜೋರಾಗಿ ಅತ್ತೆ. ಸಮಾಧಾನ ಮಾಡುವವರು ಯಾರೂ ಇರಲಿಲ್ಲ, ಒಳ್ಳೆಯದೇ ಆಯಿತು.

ಇಳಿದು ಬಂದಾಗ ಕಾವಲುಗಾರ ಕೇಳಿದ, "ಆಸೆ ತೀರ್ತಾ ಅತ್ತಿಗೆ?"

"ಎಲ್ಲಿ ತೀರ್ತು? ನಾಳೆ ಬಾಡಿಗೆಗೆ ಆರು ಜನ ಇದಾರೆ. ಬೇಗ ಎದ್ದಿರು."