ಸುರಪುರದ ಪಾರ್ಕಿನಲ್ಲಿ ಗೌಡನ ಮಾತು

ಯಾದಗಿರಿಯಲ್ಲಿ ರೈಲು ಇಳಿದಾಗ ಬೆಳಗಿನ ಹತ್ತು. ಶಹಾಪುರದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದರೂ ಎರಡು ಸಲ ಜಾಗ ಬದಲಿಸಿದೆ. ಹಳೆಯ ಗೆಳೆಯ ಮಲ್ಲಣ್ಣನ ತಂಡ ಅಂದು ಸಂಜೆ ಸುರಪುರದ ಪಾರ್ಕಿನಲ್ಲಿ ನಾಟಕ ಆಡುವುದಿತ್ತು. ನಾನು ಧಾರವಾಡಕ್ಕೆ ಓದಲು ಹೋಗುವ ಮೊದಲು ನಾವೆಲ್ಲ ಸೇರಿ ಆಡಿದ್ದ ಅದೇ ನಾಟಕ. ಅದರಲ್ಲಿ ಗೌಡನ ಪಾತ್ರ ನನ್ನದಾಗಿತ್ತೆಂದು ಮೂವತ್ತು ವರ್ಷ ಹೆಂಡತಿಗೂ ವಿದ್ಯಾರ್ಥಿಗಳಿಗೂ ಹೇಳುತ್ತ ಬಂದಿದ್ದೇನೆ. ಮೊನ್ನೆ ಫೋನಿನಲ್ಲಿ ಅದನ್ನೇ ಹೇಳಿದರೆ ಮಲ್ಲಣ್ಣ ನಕ್ಕುಬಿಟ್ಟ: "ನೀ ಯಾವಾಗ ಗೌಡ ಆಗಿದ್ದೆಪಾ?" ಆ ನಗು ನನ್ನನ್ನು ಕೂರಗೊಡಲಿಲ್ಲ.

ಶಹಾಪುರದಲ್ಲಿ ಬಸ್ಸು ಬದಲಿಸಿ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದೆ. ಮುಂದೆ ದಾರಿಯುದ್ದಕ್ಕೂ ಭತ್ತದ ಗದ್ದೆ. ನನ್ನ ನೆನಪಿನಲ್ಲಿ ಇಲ್ಲೆಲ್ಲ ಜೋಳ. ಪಕ್ಕದ ಹೆಂಗಸನ್ನು ಕೇಳಿದೆ.

"ಜ್ವಾಳನ ಇತ್ರಿ ಸರ, ಕೆನಾಲ್ ಬರೋಕಿಂತ ಮೊದಲ. ಇಷ್ಟ್ ದಿನ ಎಲ್ಲಿದ್ರಿ ನೀವು?"

ಜೋಳವಾದರೂ ನಿಜವಾಗಿತ್ತಲ್ಲ.

ನಾಟಕ ನಾಲ್ಕಕ್ಕೇ ಶುರುವಾಯಿತು. ಈಗ ಗೌಡನ ಪಾತ್ರ ಮಾಡುವ ಭೀಮಪ್ಪನ ಹೊಲಕ್ಕೆ ಏಳಕ್ಕೆ ಕಾಲುವೆ ನೀರಿನ ಪಾಳಿ ಇತ್ತು, ಅದಕ್ಕೆ. ಬೇವಿನ ಮರಗಳ ನಡುವೆ ಜಮಖಾನೆ, ಹಿಂದೊಂದು ಪರದೆ. ಜನ ನೆರಳಿನ ಜೊತೆ ಸರಿಯುತ್ತ ಕೂತಿದ್ದರು. ಮಲ್ಲಣ್ಣ ನನ್ನ ಪಕ್ಕದಲ್ಲಿದ್ದ. ಗೌಡ ನಾನೇ ಆಗಿದ್ದೆನಲ್ಲ ಎಂದು ಮತ್ತೆ ಕೇಳಿದೆ.

"ಸುಮ್ಮ ಕುಂದ್ರೊ ಯಪ್ಪಾ, ನೋಡು," ಎಂದ.

ಮಗಳನ್ನು ಮನೆಯಿಂದ ಹೊರಹಾಕುವ ದೃಶ್ಯದಲ್ಲಿ ಭೀಮಪ್ಪ ಗಡಿಯಾರ ನೋಡಿದ, ಮಾತು ಮರೆತ. ಪರದೆಯ ಹಿಂದಿನಿಂದ ಹೇಳಿಕೊಟ್ಟದ್ದು ಗಾಳಿಗೆ ಹೋಯಿತು. ನಾನು ಎದ್ದು ನಿಂತು ಕೂಗಿದೆ: "ಈ ಹೊಸ್ತಿಲು ದಾಟಿದರೆ ನೀನು ನನ್ನ ಮಗಳಲ್ಲ!"

ಜನ ಚಪ್ಪಾಳೆ ತಟ್ಟಿದರು. ಎದೆ ಉಬ್ಬಿತು, ಗೌಡ ನಾನೇ! ಭೀಮಪ್ಪ ಆ ಮಾತನ್ನೇ ಹೇಳಿ ಮುಗಿಸಿದ. ನನ್ನ ಬಾಯಿ ನಿಲ್ಲಲಿಲ್ಲ: "ನೀವು ಮರೆತರೂ ಹೊಸ್ತಿಲು ನನ್ನನ್ನು ಮರೆಯದು, ಅಪ್ಪಾ!" ಅದು ಮಗಳ ಮಾತು. ಅದೇ ಉಸಿರಿನಲ್ಲಿ ಮುಂದಿನದೂ ಬಂತು: "ಮಗಳು ಅಳುವಳು. ಗೌಡ ಕೋಲು ಕುಟ್ಟಿ ಬಲಗಡೆಗೆ ಹೋಗುವನು."

ಪಾರ್ಕಿಗೆ ಪಾರ್ಕೇ ನಕ್ಕಿತು. ಭೀಮಪ್ಪ ಕೋಲು ಕುಟ್ಟಿ ಬಲಗಡೆಗೇ ಹೋದ. ಅಳುವಳು, ಹೋಗುವನು ಎಂದು ಯಾವ ಪಾತ್ರಧಾರಿಯೂ ಬಾಯಿಪಾಠ ಮಾಡುವುದಿಲ್ಲ. ಅದನ್ನೆಲ್ಲ ಓದುವವನು ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತವನು. ನಾನು ಕುಳಿತೆ.

"ಗೊತ್ತಾತಿಲ್ಲೊ, ಗೌಡ್ರ?" ಎಂದ ಮಲ್ಲಣ್ಣ.

ನಾಟಕ ಮುಗಿದದ್ದೇ ಭೀಮಪ್ಪ ಅಂಟಿಸಿದ ಮೀಸೆಯಲ್ಲೇ ಬೈಕ್ ಹತ್ತಿ ಕಾಲುವೆಯತ್ತ ಹೋದ. ಯಾದಗಿರಿ ಬಸ್ಸಿಗೆ ಇನ್ನೂ ಹೊತ್ತಿತ್ತು.

"ನಾಳೆ ಶಹಾಪುರದಾಗ ಆಡ್ತೀವಿ. ಆವಾಗಿನಂಗ ಪರದಿ ಹಿಂದ ನಿಲ್ತೀಯೇನು?" ಮಲ್ಲಣ್ಣ ಕೇಳಿದ.

"ಪುಸ್ತಕ ಕೊಡು," ಎಂದೆ.

"ಎಲ್ಲಾ ಬಾಯಿಪಾಠ ಐತೆಲ್ಲೊ ನಿನಗ!"

"ನಾ ಗೌಡ ಆಗಿದ್ದೆ ಅನ್ನೋದೂ ಬಾಯಿಪಾಠನ ಇತ್ತು," ಎಂದೆ.