ಬಿದಿರಿಗೆ ಸುರಿದ ಹಳೇ ನೀರು

ದೇಶಪಾಂಡೆ ನಗರದ ನಮ್ಮ ಮನೆಗೆ ಆಗೆಲ್ಲ ಎಂಟು ದಿನಕ್ಕೊಮ್ಮೆ ನಳ ಬರುತ್ತಿತ್ತು. ನಳ ಬಂದ ಕೂಡಲೇ ಡ್ರಮ್ಮಿನಲ್ಲಿ ಉಳಿದದ್ದು ಹಳೇ ನೀರಾಗಿಬಿಡುತ್ತಿತ್ತು. ಅದನ್ನು ಚೆಲ್ಲಿ, ಡ್ರಮ್ಮು ತಿಕ್ಕಿ, ಹೊಸ ನೀರು ತುಂಬಬೇಕು. ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ಈ ಗಡಿಬಿಡಿ ಬಿಡಿಸಿ ಹೇಳಬೇಕಿಲ್ಲ. "ಗಟಾರಕ್ಕ ಯಾಕ ಚೆಲ್ಲತಿ, ಬಿದರಿಗಿ ಹಾಕು," ಎಂದಳು ಅವ್ವ. ಹತ್ತು ವರ್ಷದ ನನಗೆ ಆ ಕೆಲಸ ಗಂಟುಬಿತ್ತು.

ಅಂಗಳದ ಅಂಚಿಗೆ ಚಂದಕ್ಕೆಂದು ಹಚ್ಚಿದ ಹಳದಿ ಬಿದಿರಿನ ಮೆಳೆಯಿತ್ತು. ಅದರಾಚೆ ರಸ್ತೆ, ಈಚೆ ಅಜ್ಜನ ಕುರ್ಚಿ. ಸಾಲಿ ಮಾಸ್ತರಾಗಿದ್ದ ಅಜ್ಜನಿಗೆ ಲಕ್ವಾ ಹೊಡೆದು ಬಾಯಿ ವಾರೆಯಾಗಿತ್ತು. ಕಲಿಸಿದ ಹುಡುಗರು ತನ್ನನ್ನು ಹಾಗೆ ನೋಡುವುದು ಅವನಿಗೆ ಬೇಡವಾಗಿತ್ತು. ಬಿದಿರಿನ ಮರೆಯಲ್ಲಿ ಮಾತ್ರ ಹೊರಗೆ ಕೂರುತ್ತಿದ್ದ. ಸಂಜೆ ಇಬ್ಬರೂ ಒಂದೇ ತಾಟಿನಲ್ಲಿ ಗಿರಮಿಟ್ ತಿನ್ನುತ್ತಿದ್ದೆವು. ಅವನ ತುಟಿಯಿಂದ ಚುರಮುರಿ ಜಾರಿದರೆ ನಾನೂ ಬೇಕಂತಲೇ ಉದುರಿಸುತ್ತಿದ್ದೆ. "ನಮ್ಮಿಬ್ಬರದೂ ಮಂಗ್ಯಾನ ಬಾಯಿ ನೋಡು," ಎಂದು ನಗುತ್ತಿದ್ದ.

ಆ ಬೇಸಿಗೆಯಲ್ಲಿ ಬಿದಿರಿನ ಎಲೆ ಹಳದಿಯಾಗತೊಡಗಿತು. ಮೊದಲು ತುದಿ, ಆಮೇಲೆ ಇಡೀ ಎಲೆ, ಆಮೇಲೆ ಉದುರುವುದು.

"ಬಿಸಲ ಭಾಳ ಐತಿ, ನೀರ ಸಾಲವಲ್ತು ಅದಕ್ಕ," ಎಂದಳು ಅವ್ವ.

ನಾನು ಇನ್ನೂ ಸುರಿದೆ. ಸ್ನಾನದ ಬಕೆಟ್ಟಿನಲ್ಲೂ ಅರ್ಧ ಉಳಿಸಿ ಒಯ್ದು ಸುರಿದೆ. ಬಿದ್ದ ಎಲೆ ಅಜ್ಜನಿಗೆ ಕಾಣಬಾರದೆಂದು ಬೆಳಿಗ್ಗೆ ಎದ್ದವಳೇ ಗುಡಿಸಿಬಿಡುತ್ತಿದ್ದೆ. ಸುರಿದಷ್ಟೂ ಮೆಳೆ ಬೋಳಾಯಿತು. ದೇವರಿಗೆ ಕೈಮುಗಿದೆ, ಬಿದಿರಿಗೂ ಮುಗಿದೆ. ಒಂದು ಸಂಜೆ ರಸ್ತೆಯಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿ, ಗಳುಗಳ ಸಂದಿಯಿಂದ, "ಸರ್, ಆರಾಮಿದ್ದೀರೇನ್ರಿ?" ಎಂದರು. ಅಜ್ಜ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದ. ಮರುದಿನ ಹೊರಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ನಾನು ಊಟ ಬಿಟ್ಟು ಅತ್ತ ಮೇಲೆ ಅಪ್ಪ ಗರಗದಿಂದ ಬಸಣ್ಣ ಕಾಕಾನನ್ನು ಕರೆಸಿದ. ಗಿಡಗಳ ಕೆಲಸ ಬಲ್ಲ ಮನುಷ್ಯ. ಎಲೆ ತಿರುವಿ ನೋಡಿದರು, ಹುಳವಿರಲಿಲ್ಲ. ಬುಡಕ್ಕೆ ಹಾರೆ ಹಾಕಿದಾಗ ಕೊಳೆತ ವಾಸನೆ ಎದ್ದಿತು. ಬೇರುಗಳು ಕಪ್ಪಗೆ, ಮೆತ್ತಗೆ ಆಗಿದ್ದವು.

"ನೀರ ಯಾರು ಹಾಕ್ತೀರಿ?"

ನಾನು ಕೈ ಎತ್ತಿದೆ.

"ಯರಿ ಮಣ್ಣ ಇದು, ತಂಗಿ. ಕುಡದ ನೀರ ಬಿಡೂದಿಲ್ಲ. ಬೇರಿಗಿ ಉಸಿರ ಕಟ್ಟೈತಿ. ಎಲಿ ಯಾಕ ಗುಡಸ್ತಿ? ಅದರ ಎಲಿನ ಅದಕ್ಕ ಗೊಬ್ಬರ."

ಬುಡದಿಂದ ಗಟಾರದವರೆಗೆ ಕಾಲುವೆ ತೋಡಿ, ಮಣ್ಣಿಗೆ ಉಸುಕು, ಹಳೆಯ ಸಗಣಿ ಗೊಬ್ಬರ ಬೆರೆಸಿ, ಸತ್ತ ಗಳುಗಳನ್ನು ನೆಲಮಟ್ಟಕ್ಕೆ ಕಡಿದರು. ಮಣ್ಣಿಗೆ ಬೆರಳಿಟ್ಟು, ಒಳಗೆ ಒಣಗಿದ್ದರಷ್ಟೇ ನೀರು ಹಾಕು ಎಂದರು. ನಾನು ದಿನಕ್ಕೆ ಹತ್ತು ಸಲ ಬೆರಳಿಟ್ಟೆ.

ಮಳೆ ಬಿದ್ದ ಮೇಲೆ ಬುಡದಲ್ಲಿ ಕಳಲೆಗಳು ಎದ್ದವು. ದೀಪಾವಳಿ ಹೊತ್ತಿಗೆ ರಸ್ತೆ ಕಾಣದಂತಾಯಿತು. ಅಜ್ಜನ ಕೋಣೆಗೆ ಓಡಿದೆ.

"ಬಾ ಅಜ್ಜಾ, ಈಗ ಯಾರಿಗೂ ಕಾಣೂದಿಲ್ಲ."

ಅವನು ಗೋಡೆಯ ಕಡೆ ಹೊರಳಿದ್ದ. "ನೀ ಆಡ್ಕೋ ಹೋಗವಾ. ನನಗ ಒಳಗನ ರೂಢಿ ಆಗೈತಿ."

ದಿನಾ ಕರೆದೆ. ಬರಲಿಲ್ಲ. ಮರುವರ್ಷ ಆ ಕೋಣೆಯಲ್ಲೇ ತೀರಿಕೊಂಡ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ. ಈಗ ಎಲೆ ನೋಡಿದರೆ ಸಾಕು, ನೀರು ಹೆಚ್ಚೋ, ಹುಳವೋ, ಗೊಬ್ಬರ ಕಡಿಮೆಯೋ ಹೇಳಬಲ್ಲೆ. ಓಣಿಯವರು ಕೇಳಿಕೊಂಡು ಬರುತ್ತಾರೆ. ಮೆಳೆ ದಟ್ಟವಾಗಿದೆ, ಅದರ ಹಿಂದೆ ಕೂರುವವರಿಲ್ಲ. ನಾನು ನೀರು ಸುರಿಯುವುದನ್ನು ಅಜ್ಜ ಕುರ್ಚಿಯಲ್ಲಿ ಕೂತು ನೋಡಿದ್ದ. ಬಸಣ್ಣ ಕಾಕಾ ಹೇಳಿದ್ದನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.